ಮಧ್ಯಾಹ್ನದ ಮೇಲೆ ಕೂತವರು

ವಸಂತದ ಹೊಸವರ್ಷ, ನೌರೂಜ್ ಹಬ್ಬದ ಬೆಳಿಗ್ಗೆ ಮೀರಿಮ್ ಎದ್ದವಳೇ ಮೊದಲು ನೋಡಿದ್ದು ಆಕಾಶವನ್ನು. ಮೋಡ! ಹಾಳಾದ್ದು, ವಾರವಿಡೀ ಎಲ್ಲಿ ಹೋಗಿತ್ತೋ, ಇವತ್ತೇ ಬಂದು ಕೂರಬೇಕಿತ್ತೇ? ಊರಿಗೆ ಊರೇ ಹೊಸ ಬಟ್ಟೆ ತೊಟ್ಟು ಶಾಲೆಯ ಅಂಗಳದಲ್ಲಿ ಸೇರಿತ್ತು. ಹೆಂಗಸರು ರಾತ್ರಿಯಿಡೀ ತಿರುವಿದ ಮೊಳಕೆಗೋಧಿಯ ಪಾಯಸ ಕೊಪ್ಪರಿಗೆಯಲ್ಲಿ ಇನ್ನೂ ಕೊತಕೊತ ಅನ್ನುತ್ತಿತ್ತು. ಎಲ್ಲರ ಬಾಯಿ ಆಡುತ್ತಿದ್ದರೆ ಶಾಲೆಯ ಕೊನೆಯ ವರ್ಷದ, ಹನ್ನೊಂದನೇ ಕ್ಲಾಸಿನ ಈ ಹುಡುಗಿ ಮಾತ್ರ ಒಂದು ತುತ್ತೂ ಬಾಯಿಗಿಟ್ಟಿರಲಿಲ್ಲ. ಕೋಟಿನ ಜೇಬಿನಲ್ಲಿದ್ದ ಕೀಲಿಕೈಯನ್ನು ಅವಳು ಗಳಿಗೆಗೊಮ್ಮೆ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಅದು ಶಾಲೆಯ ಹಿಂದಿನ ಹಳೆಯ ಬಾಯ್ಲರ್ ಕೋಣೆಯ ಕೀಲಿಕೈ. ಹೋದ ಶರತ್ಕಾಲದಲ್ಲಿ ಮೀರಿಮ್ ಮತ್ತು ಅವಳ ಕ್ಲಾಸಿನ ಬಾಯಸ್ತಾನ್ ಸೇರಿ ಅಲ್ಲಿನ ಮಸಿ ಕೆರೆದು, ಗೋಡೆಗೆ ಸುಣ್ಣ ಬಳಿದು, ನಾಲ್ಕನೇ ಐದನೇ ಕ್ಲಾಸಿನ ಮಕ್ಕಳಿಗೆ ಪ್ರತಿ ಶನಿವಾರ ಗಣಿತ, ಭೌತಶಾಸ್ತ್ರದ ಆಟ ಶುರುಮಾಡಿದ್ದರು. ಬೆಟ್ಟದಂತಹ ಬಾಯಸ್ತಾನ್‌ನನ್ನು ಕಲ್ಲಿನ ಮೇಲಿಟ್ಟ ಹಲಗೆಯ ಗಿಡ್ಡ ತುದಿಯಲ್ಲಿ ಕೂರಿಸಿ, ಉದ್ದದ ತುದಿಯನ್ನು ಕಡ್ಡಿಯಂಥ ಪುಟಾಣಿಯೊಬ್ಬಳು ಒತ್ತಿ ಎತ್ತಿದ ದಿನ ಮಕ್ಕಳು ಬಿದ್ದು ಬಿದ್ದು ನಕ್ಕಿದ್ದರು. ದಾಳದ ಹಾಗೆ ಆಡುವ ಕುರಿಯ ಗಣ್ಣಿನ ಮೂಳೆಯನ್ನು ಆರುನೂರು ಸಲ ಎಸೆದು, ಅದು ಯಾವ ಮೈ ಮೇಲಾಗಿ ಬೀಳುತ್ತದೆಂದು ಬರೆದಿಟ್ಟಿದ್ದರು. ಮೊದಲ ದಿನವೇ ಮೀರಿಮ್ ಕಟ್ಟುನಿಟ್ಟಾಗಿ ಹೇಳಿದ್ದಳು: "ಹತ್ತು ಗಂಟೆ ಅಂದ್ರೆ ಹತ್ತೇ ಗಂಟೆ. ಲೇಟಾದ್ರೆ ಬಾಗಿಲು ತೆಗೆಯಲ್ಲ." ತೆಗೆಯದೆ ಇರುತ್ತಿದ್ದಳೇ? ತೆಗೆಯುತ್ತಿದ್ದಳು, ಬೈದು ತೆಗೆಯುತ್ತಿದ್ದಳು.

ಆ ಕೋಣೆಯಲ್ಲಿ ಇನ್ನೊಂದು ನಿಯಮವಿತ್ತು. ಯಾವುದೇ ಮಗು ಲೆಕ್ಕದ ನಡುವೆ ಸಿಕ್ಕಿಕೊಂಡರೆ ಯಾರೂ ಉತ್ತರ ಹೇಳುವಂತಿಲ್ಲ. ಎಲ್ಲರೂ ಮನಸ್ಸಿನಲ್ಲೇ ನೂರು ಎಣಿಸಬೇಕು. ನೂರು ಮುಗಿದ ಮೇಲೂ ಆ ಮಗುವಿಗೆ ಹೊಳೆಯದಿದ್ದರೆ ಮಾತ್ರ ಇನ್ನೊಬ್ಬರು ಬಾಯಿ ಬಿಡಬಹುದು. ಇದು ಮೀರಿಮಳ ಹಳೆಯ ಸಂಕಟದಿಂದ ಹುಟ್ಟಿದ ನಿಯಮ. ಅವಳು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಕರಿಹಲಗೆಯ ಮುಂದೆ ನಿಂತು ಇನ್ನೇನು ಉತ್ತರ ಹೊಳೆಯಿತು ಅನ್ನುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಯಾರೋ ಕೂಗಿ ಹೇಳಿಬಿಟ್ಟಿದ್ದರು, ಕ್ಲಾಸೆಲ್ಲ ಗೊಳ್ಳೆಂದಿತ್ತು. ಇನ್ನೆರಡು ಕ್ಷಣ ಸಿಕ್ಕಿದ್ದರೆ ತಾನೇ ಹೇಳುತ್ತಿದ್ದೆ ಎಂಬ ಉರಿ ಏಳು ವರ್ಷವಾದರೂ ಆರಿರಲಿಲ್ಲ.

ಆದರೆ ಶಾಲೆಯ ಮುಖ್ಯಸ್ಥರಾದ ಎಸೆನಾಲಿ ಸರ್ ಒಂದು ದಿನ ಇಣುಕಿದಾಗ ಕಂಡದ್ದೇನು? ಹದಿನಾಲ್ಕು ಮಕ್ಕಳು ಬಾಯಿ ಮುಚ್ಚಿಕೊಂಡು ಗೋಡೆ ನೋಡುತ್ತಾ ಕೂತಿದ್ದು! "ಏನಮ್ಮಾ ಇದು, ಪಾಠವೋ, ಮೌನವ್ರತವೋ?" ಎಂದರು. ಅವರು ಇತಿಹಾಸದ ಮೇಷ್ಟ್ರು, ಕೆಟ್ಟವರಲ್ಲ, ಆದರೆ ಎಲ್ಲದಕ್ಕೂ ಸಾಕ್ಷಿ ಬೇಕು. ಹಬ್ಬಕ್ಕೆ ಎರಡು ವಾರ ಮೊದಲು ಮೀರಿಮಳನ್ನು ಕರೆಸಿ ಹೇಳಿದರು: "ನೌರೂಜ್ ದಿನ ಜಿಲ್ಲೆಯಿಂದ ಶಿಕ್ಷಣದ ದೊಡ್ಡ ಮೇಡಂ ಬರ್ತಾರೆ. ನಿನ್ನ ಮಕ್ಕಳು ಕಲಿತಿದ್ದನ್ನ ಅವರೆದುರು ತೋರಿಸು. ಸರಿಹೋಯ್ತೋ, ಕೋಣೆ ನಿಮ್ಮದೇ. ತಪ್ಪಿತೋ, ಅವತ್ತೇ ಕೀಲಿಕೈ ನನ್ನ ಕೈಗೆ. ಕುಸ್ತಿ ಹುಡುಗರು ಜಾಗ ಕೇಳ್ತಾ ಇದಾರೆ, ಅವರಾದ್ರೂ ಪದಕ ತರ್ತಾರೆ."

ಏನು ತೋರಿಸುವುದು? ಹೊಳೆದದ್ದು ಉಮ್ಸುನಾಯ್‌ಗೆ. ಹತ್ತು ವರ್ಷದ ಈ ಹುಡುಗಿಗೆ ಮುತ್ತಜ್ಜಿಯ ಹೆಸರಿಟ್ಟಿದ್ದರು. ಅದಕ್ಕೇ ಜೊತೆಯವರು "ಏನಜ್ಜೀ, ಹಲ್ಲು ಗಟ್ಟಿ ಇದೆಯಾ?" ಎಂದು ರೇಗಿಸುತ್ತಿದ್ದರು. ಮೂರನೇ ಕ್ಲಾಸಿನಲ್ಲಿ ಟೀಚರೊಬ್ಬರು ಎಲ್ಲರೆದುರು "ಇವಳ ತಲೆಗೆ ಲೆಕ್ಕ ಹತ್ತಲ್ಲ" ಅಂದ ದಿನದಿಂದ ಅವಳು ಲೆಕ್ಕದ ವಿಷಯಕ್ಕೆ ಬಾಯಿಗೆ ಬೀಗ ಜಡಿದಿದ್ದಳು. ಬಾಯ್ಲರ್ ಕೋಣೆಗೆ ಬಂದು ಎಂಟು ಶನಿವಾರ ತುಟಿ ಬಿಚ್ಚಿರಲಿಲ್ಲ. ಒಂಬತ್ತನೆಯ ಶನಿವಾರ, ಎಣಿಕೆ ತೊಂಬತ್ತು ದಾಟಿದ ಮೇಲೆ, ಅವಳ ಬಾಯಿಂದ ಒಂದು ಸಂಖ್ಯೆ ಬಂತು. ಸರಿಯಾದ ಸಂಖ್ಯೆ. ಅವತ್ತು ಮೀರಿಮ್ ಹೊರಗೆ ಹೋಗಿ ಕಣ್ಣು ಒರೆಸಿಕೊಂಡು ಬಂದಿದ್ದಳು.

ಉಮ್ಸುನಾಯ್ ಹೇಳಿದ್ದಿಷ್ಟು: ಹಬ್ಬಕ್ಕೆ ತಾತನ ಗುಡಾರವನ್ನು ಶಾಲೆಯ ಅಂಗಳದಲ್ಲಿ ಎಬ್ಬಿಸುತ್ತಾರೆ. ಉಣ್ಣೆಹಾಸಿನ ಆ ದುಂಡು ಗುಡಾರದ ನೆತ್ತಿಯಲ್ಲಿ ಹೊಗೆ ಹೋಗಲು ಮರದ ಬಳೆ, ಅಂದರೆ ತುಂದುಕ್ ಇರುತ್ತದೆ. ಅದರೊಳಗಿಂದ ಬಿಸಿಲು ಒಳಗೆ ಬಿದ್ದು ದಿನವಿಡೀ ಹರಿದಾಡುತ್ತದೆ. ನಡುಮಧ್ಯಾಹ್ನಕ್ಕೆ ಬಳೆಯ ಅಡ್ಡಕಡ್ಡಿಗಳ ನೆರಳು ಎಲ್ಲಿ ಬೀಳುತ್ತದೆಂದು ಮೊದಲೇ ಲೆಕ್ಕ ಹಾಕಿ ಗುರುತಿಟ್ಟರೆ?

ಮಕ್ಕಳು ಹುಚ್ಚೆದ್ದು ಕೆಲಸ ಮಾಡಿದರು. ಅಂಗಳದಲ್ಲಿ ಒಂದು ಮೀಟರಿನ ಕೋಲು ನೆಟ್ಟು ದಿನಾ ನೆರಳು ಅಳೆದರು. ನೆರಳು ತೀರಾ ಚಿಕ್ಕದಾಗುವುದು ಗಡಿಯಾರದ ಹನ್ನೆರಡಕ್ಕಲ್ಲ, ಒಂದು ಗಂಟೆ ಮೂರು ನಿಮಿಷಕ್ಕೆ ಎಂದು ಕಂಡುಹಿಡಿದರು. ಹಬ್ಬದ ಹೊತ್ತಿಗೆ ಆ ನೆರಳು ಎಂಬತ್ತೆಂಟು ಸೆಂಟಿಮೀಟರ್. ತುಂದುಕ್ ಇರುವುದು ಮೂರು ಮೀಟರ್ ಎತ್ತರದಲ್ಲಿ. ಹಾಗಾದರೆ ಬೆಳಕು ಬೀಳುವುದು ನಡುಬಿಂದುವಿನಿಂದ ಎಂಬತ್ತೆಂಟರ ಮೂರರಷ್ಟು ದೂರ, ಉತ್ತರಕ್ಕೆ. ಉಮ್ಸುನಾಯ್ ಗುಡಾರದ ಚಿತ್ರ ಬರೆದಳು: ಬಾಗಿಲು ಪೂರ್ವಕ್ಕೆ, ಎದುರು ಗೋಡೆಯ ಬುಡದಲ್ಲಿ ಹಿರಿಯರು ಕೂರುವ ಜಾಗ, ಒಳಹೊಕ್ಕರೆ ಎಡಕ್ಕೆ ಗಂಡಸರ ಜೀನು ಲಗಾಮು, ಬಲಕ್ಕೆ ಹೆಂಗಸರ ಪಾತ್ರೆ ಪಗಡ. ಬಲ ಅಂದರೆ ಉತ್ತರ. "ನಮ್ಮಜ್ಜಿ ಪಾತ್ರೆ ಹತ್ರ ಬಿಸಿಲು ಬಂದ್ರೆ ಮಧ್ಯಾಹ್ನದ ಚಹಾಕ್ಕೆ ಇಡ್ತಿದ್ಲಂತೆ," ಎಂದು ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಲೆಕ್ಕವೂ ಅಜ್ಜಿಯೂ ಒಂದೇ ಮಾತು ಹೇಳಿದ ಮೇಲೆ ಇನ್ನೇನು ಬೇಕು?

ಹಬ್ಬದ ದಿನ ಹತ್ತು ಗಂಟೆಗೆ, ಮೋಡದ ಮಬ್ಬಿನಲ್ಲೇ, ಉಮ್ಸುನಾಯ್ ಗುಡಾರದೊಳಗೆ ದಾರ ಹಿಡಿದು ಅಳೆದು, ಪಾತ್ರೆಗಳ ಮುಂದಿನ ನೆಲಹಾಸಿಗೆ ಅಂಗೈಯಗಲದ ಕೆಂಪು ಉಣ್ಣೆಬಿಲ್ಲೆಯನ್ನು ಹೊಲಿದು ಬಂದಳು. ಎಸೆನಾಲಿ ಸರ್ ಖುದ್ದು ನಿಂತು ನೋಡಿ, ಸರಿ ಎಂದು ತಲೆಯಾಡಿಸಿ ಹೋದರು.

ಹನ್ನೆರಡು ದಾಟಿ ಐದು ನಿಮಿಷಕ್ಕೆ ಮೋಡ ಹರಿಯಿತು. ಅಂಗಳದಲ್ಲಿ ಕೋಲಿನ ಸುತ್ತ ಇದ್ದ ಮಕ್ಕಳು ಹೋ ಎಂದು ಕುಣಿದರು. ಮೀರಿಮ್ ಉಸ್ಸಪ್ಪಾ ಎಂದು ಉಸಿರು ಬಿಟ್ಟು, ಬೆಳಕು ಎಲ್ಲಿದೆ ನೋಡೋಣವೆಂದು ಗುಡಾರದೊಳಗೆ ಕಾಲಿಟ್ಟಳು.

ಕೆಂಪು ಬಿಲ್ಲೆ ಬಲಕ್ಕಿದೆ. ಬಿಸಿಲು ಬಿದ್ದಿರುವುದು ಎಡಕ್ಕೆ, ಜೀನುಗಳ ಆಚೆ, ಹಿರಿಯರ ಮೆತ್ತೆಗಳ ಕಡೆಗೆ ಮುಖ ಮಾಡಿಕೊಂಡು! ಇನ್ನೊಂದು ಗಂಟೆಯಲ್ಲ, ಸಂಜೆಯವರೆಗೆ ಕಾದರೂ ಅದು ಬಿಲ್ಲೆಯ ಹತ್ತಿರ ಸುಳಿಯುವುದಿಲ್ಲ.

ಹಿಂದೆಯೇ ಬಂದ ಬಾಯಸ್ತಾನ್ ಬಾಯಿ ಕಳೆದ. "ಲೇ ಮೀರಿಮ್, ಸೂರ್ಯಂಗೆ ತಲೆ ಕೆಟ್ಟಿದೆಯೇನೇ?"

"ಸೂರ್ಯಂಗಲ್ಲ, ನಮಗೆ." ಅವಳು ತಿರುಗಿ ಬಾಗಿಲಾಚೆ ನೋಡಿದಳು. ಎದುರಿಗೆ ಅತಿಥಿಗಳ ವೇದಿಕೆ, ಬಣ್ಣದ ಪಟ್ಟಿಗಳು. ವೇದಿಕೆಯ ಹಿಂದೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. "ಬಾಗಿಲು ಪೂರ್ವಕ್ಕಿಲ್ಲ ಕಣೋ. ದಕ್ಷಿಣಕ್ಕಿದೆ. ವೇದಿಕೆಗೆ ಚೆನ್ನಾಗಿ ಕಾಣ್ಲಿ ಅಂತ ತಿರುಗಿಸಿಬಿಟ್ಟಿದಾರೆ."

ಅಲ್ಲಾ, ಈ ಕಡೆಯ ಜನಕ್ಕೆ ಗುಡಾರವೇ ದಿಕ್ಸೂಚಿ. ಬಾಗಿಲೆಂದರೆ ಪೂರ್ವ, ಅಷ್ಟೇ. ಗುಡಾರದೊಳಗೆ ನಿಂತು ದಿಕ್ಕು ಯಾವುದೆಂದು ಯಾರಾದರೂ ಕೇಳುತ್ತಾರೆಯೇ? ಅವಳೂ ಕೇಳಿರಲಿಲ್ಲ, ಮಕ್ಕಳೂ ಕೇಳಿರಲಿಲ್ಲ. ಎರಡು ವಾರದಲ್ಲಿ ಹದಿನಾರು ತಲೆಗಳಲ್ಲಿ ಒಂದಕ್ಕೂ ಹೊಳೆದಿರಲಿಲ್ಲ.

"ಕಿತ್ತು ಅಲ್ಲಿಗೆ ಹಾಕು, ಬೇಗ!" ಬಾಯಸ್ತಾನ್ ಪಿಸುಗುಟ್ಟಿದ. "ಯಾರಿಗ್ ಗೊತ್ತಾಗುತ್ತೆ?"

ಮೀರಿಮ್ ಬಗ್ಗಿ ಬಿಲ್ಲೆಗೆ ಕೈ ಹಾಕಿಯೇ ಬಿಟ್ಟಳು. ಹುಡುಗಿ ಎಷ್ಟು ಒತ್ತೊತ್ತಾಗಿ ಹೊಲಿದಿದ್ದಳೆಂದರೆ ಉಗುರು ತೂರುತ್ತಿರಲಿಲ್ಲ. ಕಿತ್ತರೆ ಸರ್‌ಗೆ ಗೊತ್ತಾಗುತ್ತದೆ, ಅದು ಹಾಗಿರಲಿ, ಉಮ್ಸುನಾಯ್‌ಗೆ ಏನು ಹೇಳುವುದು? ಅಷ್ಟರಲ್ಲಿ ಬಾಗಿಲಲ್ಲಿ "ಬನ್ನಿ ಮೇಡಂ, ಬಲಗಾಲಿಟ್ಟು ಬನ್ನಿ" ಎಂಬ ಎಸೆನಾಲಿ ಸರ್ ದನಿ ಕೇಳಿಸಿತು. ಅವಳು ಕೈ ಹಿಂತೆಗೆದು ಬಾಗಿಲ ಬದಿಗೆ ಸರಿದಳು.

ಹಿರಿಯರು ಒಳಬಂದರು. ಜಿಲ್ಲೆಯ ಮೇಡಂ ಎದುರು ಗೋಡೆಯ ನಟ್ಟನಡುವಿನ ಮೆತ್ತೆಯ ಮೇಲೆ ಕೂತರು. ಅವರ ಪಕ್ಕಕ್ಕೆ ಗುಡಾರದ ಯಜಮಾನ, ಉಮ್ಸುನಾಯ್‌ಳ ತಾತ ಕಾಲಿಲ್, ಬಿಳಿ ಉಣ್ಣೆಟೋಪಿ ಸರಿಮಾಡಿಕೊಳ್ಳುತ್ತಾ ಕೂತರು. ಇನ್ನೊಂದು ಪಕ್ಕದಲ್ಲಿ ಎಸೆನಾಲಿ ಸರ್. ಕಿರಿಯರಾದ ಮೀರಿಮ್, ಬಾಯಸ್ತಾನ್ ಬಾಗಿಲ ಹತ್ತಿರವೇ ನಿಲ್ಲಬೇಕು. ಹಿರಿಯರೆದುರು ಅಡ್ಡ ನಡೆಯುವಂತಿಲ್ಲ, ನಡುವೆ ಬಾಯಿ ಹಾಕುವಂತಿಲ್ಲ. ಉಮ್ಸುನಾಯ್ ಒಬ್ಬಳೇ, ಹೊಸ ಕೆಂಪು ಗೌನಿನಲ್ಲಿ, ಕೈಯಲ್ಲಿ ಚಿತ್ರದ ಕಾಗದ ಹಿಡಿದು ತನ್ನ ಬಿಲ್ಲೆಯ ಪಕ್ಕ ಹೋಗಿ ನಿಂತಳು.

"ನಾವು... ಒಂದು ಗಂಟೆ ಮೂರು ನಿಮಿಷಕ್ಕೆ, ಬಿಸಿಲು..." ಎಂದು ಶುರುಮಾಡಿದಳು. ತಲೆ ಎತ್ತಿ ತುಂದುಕ್ ನೋಡಿದಳು. ಅಲ್ಲಿಂದ ಇಳಿದ ಬಿಸಿಲುಕೋಲನ್ನು ಕಣ್ಣಲ್ಲೇ ಹಿಂಬಾಲಿಸಿ ನೆಲ ನೋಡಿದಳು. ಮಾತು ನಿಂತಿತು.

ಅಯ್ಯೋ, ಆ ಮುಖ! ಮೀರಿಮ್ ಆ ಮುಖವನ್ನು ಬಲ್ಲಳು. ಏಳು ವರ್ಷದ ಹಿಂದೆ ಕರಿಹಲಗೆಯ ಮುಂದೆ ಅದನ್ನು ತಾನೇ ಹೊತ್ತು ನಿಂತಿದ್ದಳು.

"ಹೇಳಮ್ಮಾ," ಎಂದರು ಎಸೆನಾಲಿ ಸರ್. ಮೇಡಂ ಕೈಗಡಿಯಾರ ನೋಡಿಕೊಂಡರು. ಬಾಗಿಲಲ್ಲಿ ಕಿಕ್ಕಿರಿದಿದ್ದವರಲ್ಲಿ ಯಾರೋ ಕಿಸಕ್ಕೆಂದರು. "ಅಜ್ಜಿಗೆ ಮರೆವು ಬಂತು ಕಣ್ರೋ," ಎಂದಿತೊಂದು ದನಿ.

ಬಾಯಸ್ತಾನ್ ಮೊಣಕೈಯಲ್ಲಿ ತಿವಿದ. "ಹೇಳಿಬಿಡೇ. 'ಬಾಗಿಲು' ಅನ್ನು ಸಾಕು."

ಒಂದೇ ಮಾತು! ಅಂದುಬಿಟ್ಟರೆ ಕೋಣೆ ಉಳಿಯುತ್ತದೆ, ಕೀಲಿಕೈ ಉಳಿಯುತ್ತದೆ. ಆದರೆ ಆ ಹುಡುಗಿ? ಎಲ್ಲರೆದುರು ಇನ್ನೊಮ್ಮೆ ಉತ್ತರವನ್ನು ಬೇರೆಯವರು ಕಸಿದುಕೊಂಡರೆ ಅವಳು ಮತ್ತೆ ಬಾಯಿ ಬಿಡುವುದು ಯಾವಾಗ? ಮೀರಿಮ್ ಹಲ್ಲು ಕಚ್ಚಿ ಎಣಿಸತೊಡಗಿದಳು. ಒಂದು, ಎರಡು, ಮೂರು. ಜೇಬಿನ ಕೀಲಿಕೈ ಅಂಗೈಗೆ ಒತ್ತಿ ನೋಯುತ್ತಿತ್ತು.

ಇಪ್ಪತ್ತಕ್ಕೆ ಎಸೆನಾಲಿ ಸರ್ ಕೆಮ್ಮಿದರು. ಮೂವತ್ತೈದಕ್ಕೆ ಯಾರೋ ತಟ್ಟೆಯಿಂದ ಕರಿದ ಹಿಟ್ಟಿನುಂಡೆ ಬೋರ್ಸೋಕ್ ತೆಗೆದು ಬಾಯಿಗೆ ಹಾಕಿಕೊಂಡರು, ಆ ಕರುಂ ಕುರುಂ ಸದ್ದೂ ಕಿವಿಗೆ ಬಡಿಯಿತು. ಐವತ್ತಕ್ಕೆ ಉಮ್ಸುನಾಯ್ ಬಾಗಿಲ ಕಡೆ ನೋಡಿದಳು. ಅವಳ ಕಣ್ಣು ಮೀರಿಮಳ ಕಣ್ಣಿಗೆ ಸಿಕ್ಕಿತು. ಮೀರಿಮ್ ತುಟಿ ಮಾತ್ರ ಅಲ್ಲಾಡಿಸಿದಳು: ಐವತ್ತೊಂದು, ಐವತ್ತೆರಡು.

ಹುಡುಗಿಗೆ ತಿಳಿಯಿತು. ಇಲ್ಲಿಯೂ ನೂರು ಇದೆ ಎಂದು ತಿಳಿಯಿತು. ಅವಳು ಕಾಗದ ನೋಡಿದಳು. ಬಾಗಿಲು ನೋಡಿದಳು. ಬಾಗಿಲಾಚೆಯ ಬಿಸಿಲು ನೋಡಿದಳು.

ಎಪ್ಪತ್ತು. ಎಸೆನಾಲಿ ಸರ್ ಮೇಡಂ ಕಡೆ ಬಾಗಿ, "ಚಿಕ್ಕ ಮಗು, ಹೆದರಿಕೊಂಡಿದೆ. ನಾವು ಊಟಕ್ಕೆ..." ಎನ್ನುತ್ತಿದ್ದರು. ಎಂಬತ್ತು. ಎಂಬತ್ತೆಂಟು.

ಉಮ್ಸುನಾಯ್ ಕಾಗದವನ್ನು ಕೈಯಲ್ಲಿ ಕಾಲು ಸುತ್ತು ತಿರುಗಿಸಿದಳು.

"ಗುಡಾರ ತಪ್ಪಾಗಿ ನಿಂತಿದೆ," ಎಂದಳು.

ಮಾಲೀಕನೆದುರು, ಅದೂ ಸ್ವಂತ ತಾತನೆದುರು, ಗುಡಾರ ತಪ್ಪಾಗಿ ನಿಂತಿದೆ ಅನ್ನುವುದೆಂದರೆ! ಎಸೆನಾಲಿ ಸರ್ ಮುಖ ಕೆಂಪೇರಿತು. ಆದರೆ ಹುಡುಗಿ ಈಗ ನಿಲ್ಲುವವಳಲ್ಲ. ಬಗ್ಗಿ ಹಲ್ಲಿನಿಂದ ಹೊಲಿಗೆ ಕಡಿದು ಬಿಲ್ಲೆ ಕಿತ್ತುಕೊಂಡಳು. ಬೆಳಿಗ್ಗೆ ನಡುಬಿಂದುವಿನಲ್ಲಿ ಸಿಕ್ಕಿಸಿಟ್ಟಿದ್ದ ಅಳತೆಯ ದಾರ ಎಳೆದುಕೊಂಡು ನೆಟ್ಟಗೆ ಹಿರಿಯರ ಜಾಗದ ಕಡೆಗೆ, ಮಕ್ಕಳು ಕಾಲಿಡಬಾರದ ಕಡೆಗೆ ನಡೆದಳು. ದಾರ ಮುಗಿದದ್ದು ಮೇಡಂ ಅವರ ಮಂಡಿಯ ಹತ್ತಿರ.

"ಮೇಡಂ, ಸ್ವಲ್ಪ ಸರೀರಿ," ಎಂದಳು ಉಮ್ಸುನಾಯ್. "ನೀವು ಮಧ್ಯಾಹ್ನದ ಮೇಲೆ ಕೂತಿದೀರಿ."

ಮೀರಿಮ್ ಕಣ್ಣು ಮುಚ್ಚಿಕೊಂಡಳು. ಮುಗಿಯಿತು ಕಥೆ! ಅತಿಥಿಯನ್ನು ಎಬ್ಬಿಸುವುದೇ!

ಮೊದಲು ಕೇಳಿಸಿದ್ದು ಕಾಲಿಲ್ ತಾತನ ನಗು. ಮುದುಕರು ತೊಡೆ ತಟ್ಟಿಕೊಂಡು ನಗುತ್ತಿದ್ದರು. "ಬೆಳಿಗ್ಗೆ ನಾನು ಬಡ್ಕೊಂಡೆ! ಬಾಗಿಲು ಪೂರ್ವಕ್ಕಿರ್ಲಿ ಅಂತ ಬಡ್ಕೊಂಡೆ. ಫೋಟೋ ಚೆನ್ನಾಗಿ ಬರುತ್ತೆ ತಾತ, ಈ ಕಡೆ ತಿರುಗಿಸಿ ಅಂದೋರು ಯಾರು? ಕೇಳು ಮೊಮ್ಮಗಳೇ, ಕೇಳು!"

ಎಸೆನಾಲಿ ಸರ್ ಚಹಾದ ಬಟ್ಟಲಿನೊಳಗೆ ಏನೋ ಹುಡುಕತೊಡಗಿದರು. ಮೇಡಂ ಮಾತ್ರ ನಗಲಿಲ್ಲ. ಎದ್ದು ಪಕ್ಕಕ್ಕೆ ಸರಿದು, ಮೆತ್ತೆಯನ್ನೂ ಎತ್ತಿಕೊಂಡು, "ಒಂದು ಮೂರಕ್ಕೆ ಅಂದ್ಯಲ್ಲಾ? ನೋಡೇಬಿಡೋಣ," ಎಂದರು.

ಇನ್ನು ನಲವತ್ತು ನಿಮಿಷ. ದೇವರೇ, ಅದೆಂಥ ನಲವತ್ತು ನಿಮಿಷ! ಮಾಂಸ ಬಂತು, ಚಹಾ ಬಂತು, ಕಾಲಿಲ್ ತಾತ ಕುದುರೆ ಕಥೆ ಹೇಳಿದರು. ಯಾರ ಕಣ್ಣೂ ತಟ್ಟೆಯ ಮೇಲಿರಲಿಲ್ಲ. ಬಿಸಿಲು ನೆಲಹಾಸಿನ ಮೇಲೆ ಇಂಚಿಂಚೇ ತೆವಳುತ್ತಿತ್ತು, ಹನ್ನೆರಡು ನಿಮಿಷಕ್ಕೆ ಒಂದು ಗೇಣು. ಮೀರಿಮ್ ಮನಸ್ಸಿನಲ್ಲೇ ಗೇಣು ಹಾಕಿ ಹಾಕಿ ಸೋತಳು. ಒಂದು ಸಲ ಹೊತ್ತು ಸಾಕಾಗುತ್ತದೆ ಅನ್ನಿಸಿತು, ಇನ್ನೊಂದು ಸಲ ಸಾಲುವುದಿಲ್ಲ ಅನ್ನಿಸಿತು.

ಹೊರಗಿಂದ ಮಕ್ಕಳು ಕೂಗಿದರು: "ಕೋಲಿನ ನೆರಳು ಎಂಬತ್ತೆಂಟು! ಒಂದು ಮೂರು! ಒಂದು ಮೂರು!"

ಎಲ್ಲರೂ ಬಗ್ಗಿದರು. ನಡುಬಿಂದುವಿನಿಂದ ದೂರ ಸರಿಯಾಗಿತ್ತು, ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಇರಲಿಲ್ಲ. ಆದರೆ ಅಡ್ಡಕಡ್ಡಿಗಳ ನೆರಳು ಕೆಂಪು ಬಿಲ್ಲೆಯ ಮೇಲಿರಲಿಲ್ಲ. ಒಂದು ಗೇಣು ಎಡಕ್ಕೇ ನಿಂತಿತ್ತು.

ಎಸೆನಾಲಿ ಸರ್ ನಿಧಾನಕ್ಕೆ ಕೈ ಚಾಚಿದರು. "ಮೀರಿಮ್. ಕೀಲಿಕೈ."

ಅವಳ ಕಣ್ಣು ತುಂಬಿತು. ಹಿರಿಯರಿಗೆ ಅಡ್ಡ ಬಾರದಂತೆ ಸುತ್ತಿ ಹೋಗಿ ಕೀಲಿಕೈಯನ್ನು ಅವರ ಅಂಗೈಯಲ್ಲಿಟ್ಟಳು. ಮುಷ್ಟಿ ಬಿಚ್ಚಿದಾಗ ಅಂಗೈಯಲ್ಲಿ ಅದರ ಹಲ್ಲುಗಳ ಅಚ್ಚು ಮೂಡಿತ್ತು.

"ಸರ್, ಒಂದ್ನಿಮಿಷ," ಉಮ್ಸುನಾಯ್ ನೆಲದ ಮೇಲೆ ಗೇಣು ಹಾಕುತ್ತಾ ಕೂತಿದ್ದಳು, ತಲೆ ಕೂಡ ಎತ್ತಲಿಲ್ಲ. "ಬೆಳಕು ಸರಿಯಾಗಿದೆ. ಬಾಗಿಲೇ ಪೂರ್ತಿ ದಕ್ಷಿಣಕ್ಕಿಲ್ಲ. ನಾನು ಕಾಗದನ ಕಾಲು ಸುತ್ತು ತಿರುಗಿಸಿದೆ, ನೀವು ಗುಡಾರನ ಅದಕ್ಕಿಂತ ಒಂದು ಗೇಣು ಜಾಸ್ತಿ ತಿರುಗಿಸಿದೀರಿ. ಹೊರಗೆ ಕೋಲಿನ ನೆರಳು ನೋಡಿ. ಅದು ನೆಟ್ಟಗೆ ಉತ್ತರಕ್ಕಿರುತ್ತೆ. ಬಾಗಿಲು ಅದಕ್ಕೆ ಓರೆಯಾಗಿರುತ್ತೆ."

ಎಸೆನಾಲಿ ಸರ್ ಎದ್ದು ಹೊರಗೆ ಹೋದರು. ಜನ ದಾರಿ ಬಿಟ್ಟರು. ಬಾಗಿಲಿಂದ ಮೀರಿಮ್‌ಗೆ ಅವರ ಬೆನ್ನು ಕಾಣುತ್ತಿತ್ತು. ಕೋಲಿನ ಬಳಿ ಕೂತರು, ನೆರಳಿನ ಗೆರೆಯನ್ನು ಒಂದು ಕಣ್ಣು ಮುಚ್ಚಿ ನೋಡಿದರು, ಎದ್ದು ಬಾಗಿಲ ಚೌಕಟ್ಟನ್ನು ನೋಡಿದರು, ಮತ್ತೆ ಕೂತರು. ಎಷ್ಟು ಹೊತ್ತು ಹಾಗೆಯೇ ಕೂತಿದ್ದರೋ! ಮೀರಿಮ್‌ಗೆ ತಿಳಿಯದೆಯೇ ಅವಳ ತುಟಿ ಮತ್ತೆ ಎಣಿಸತೊಡಗಿತ್ತು.

ಒಳಗೆ ಬಂದವರು ಮೇಡಂ ಕಡೆ ನೋಡಲಿಲ್ಲ, ಮೀರಿಮ್ ಕಡೆಯೂ ನೋಡಲಿಲ್ಲ. "ಓರೆ ಇದೆ," ಎಂದರು. "ತಿರುಗಿಸಿದೋನು ನಾನೇ." ಆಮೇಲೆ ಉಮ್ಸುನಾಯ್ ಎದುರು ಮಂಡಿಯೂರಿ ಕೂತು ಕೇಳಿದರು: "ನೀನು ಈ ಶಾಲೆಯಲ್ಲಿ ಇನ್ನೆಷ್ಟು ವರ್ಷ ಇರ್ತೀಯಾ?"

"ನಾಲ್ಕನೇ ಕ್ಲಾಸು ಸರ್. ಇನ್ನೂ ಏಳು ವರ್ಷ."

"ಮೀರಿಮ್ ಶಾಲೆ ಮುಗಿಸಿ ಬೇಸಿಗೆಗೆ ಹೊರಟುಹೋಗ್ತಾಳೆ. ಅವಳ ಹತ್ರ ಇದ್ರೆ ಕಳೆದುಹೋಗುತ್ತೆ," ಎಂದು ಅವರು ಕೀಲಿಕೈಯನ್ನು ಆ ಪುಟ್ಟ ಕೈಯಲ್ಲಿಟ್ಟು ಬೆರಳು ಮಡಿಸಿದರು.

ಮೀರಿಮ್‌ಗೆ ಅಳು ತಡೆಯಲಾಗಲಿಲ್ಲ. ಬಾಯಸ್ತಾನ್ "ಏಯ್, ಮೇಡಂ ನೋಡ್ತಿದಾರೆ ಕಣೇ" ಎಂದು ಗೊಣಗುತ್ತಾ ತಾನೂ ಮೂಗು ಒರೆಸಿಕೊಂಡ. ಉಮ್ಸುನಾಯ್ ಕೀಲಿಕೈಯನ್ನು ಗೌನಿನ ಜೇಬಿಗಿಳಿಸಿ, ಮೇಲಿಂದ ಎರಡು ಸಲ ತಟ್ಟಿ ನೋಡಿಕೊಂಡು, ಬಾಗಿಲ ಬಳಿ ಬಂದಳು. ಮುಖದಲ್ಲಿ ನಗುವಿನ ಸುಳಿವೂ ಇರಲಿಲ್ಲ.

"ಶನಿವಾರ ಹತ್ತು ಗಂಟೆ ಅಂದ್ರೆ ಹತ್ತೇ ಗಂಟೆ, ಅಕ್ಕಾ," ಎಂದಳು. "ಲೇಟಾದ್ರೆ ಬಾಗಿಲು ತೆಗೆಯಲ್ಲ."